ಅಲೆಮಾರಿಗಳೂ ನಾವೂ

ಒಂದು ಜನಾಂಗಕ್ಕೆ ಅನ್ಯರು ಇಟ್ಟ ಹೆಸರಿನಿಂದ ಅದರ ನಿಜವಾದ ಪರಿಚಯವಾಗುವುದಿಲ್ಲ. ಯೂರೋಪಿನ ‘ಜಿಪ್ಸಿ’ಗಳೇ ಇದಕ್ಕೆ ನಿದರ್ಶನ. ಈಜಿಪ್ಟಿನಿಂದ ಬಂದವರೆಂಬ ತಪ್ಪು ಕಲ್ಪನೆಯಿಂದ ಹುಟ್ಟಿದ ಹೆಸರಿದು. ಅವರು ತಮ್ಮನ್ನು ‘ರೋಮಾ’ ಎಂದು ಕರೆದುಕೊಳ್ಳುತ್ತಾರೆ. ಅವರ ಮೂಲವನ್ನು ತೋರಿಸಿಕೊಟ್ಟದ್ದು ಅವರ ಮಾತು. ರೋಮಾನಿ ಭಾಷೆಯಲ್ಲಿ ನೀರಿಗೆ ‘ಪಾನಿ’, ಮನುಷ್ಯನಿಗೆ ‘ಮಾನುಷ್’, ಐದಕ್ಕೆ ‘ಪಾಂಜ್’ ಎನ್ನುತ್ತಾರೆ. ಸುಮಾರು 1000 ವರ್ಷಗಳ ಹಿಂದೆ ಭಾರತದ ಉತ್ತರಭಾಗವನ್ನು ಬಿಟ್ಟು ಹೋದ ಜನರು ನಮ್ಮ ನೆಲದ ನುಡಿಯನ್ನು ಮರೆತಿಲ್ಲವೆಂಬುದು ಸಾಮಾನ್ಯ ಸಂಗತಿಯೇ?

ಅಲೆದಾಟವು ಅವರ ಹುಟ್ಟುಗುಣವೆಂದು ಹೇಳುವವರುಂಟು. ಚರಿತ್ರೆಯು ಬೇರೆಯೇ ಹೇಳುತ್ತದೆ. ಇಂದಿನ ರುಮೇನಿಯದ ಪ್ರದೇಶಗಳಲ್ಲಿ ಅವರು 1856ರವರೆಗೂ ಗುಲಾಮರಾಗಿದ್ದರು. ಅನೇಕ ರಾಜ್ಯಗಳು ಅವರನ್ನು ತಮ್ಮ ಗಡಿಗಳಿಂದ ಅಟ್ಟಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಅವರಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದರು. ನಿಲ್ಲಗೊಡದವರೇ ‘ಇವರು ನಿಲ್ಲುವವರಲ್ಲ’ ಎಂದು ದೂರಿದರು!

ದೂರದ ಮಾತು ಹಾಗಿರಲಿ. ನಮ್ಮ ಚೆನ್ನೈ ನಗರದ ರೈಲು ನಿಲ್ದಾಣಗಳ ಬಳಿಯಲ್ಲಿಯೂ ಕಡಲತೀರದಲ್ಲಿಯೂ ಮಣಿಸರಗಳನ್ನು ಮಾರುವ ನರಿಕುರವರನ್ನು ನೋಡೋಣ. ರೋಮಾ ಜನರಿಗೂ ಇವರಿಗೂ ನೇರವಾದ ನೆಂಟಸ್ತಿಕೆಯುಂಟೆಂದು ನಾವು ಹೇಳುತ್ತಿಲ್ಲ. ಪಾಡು ಮಾತ್ರ ಒಂದೇ ಬಗೆಯದು. ನರಿಗಳನ್ನು ಹಿಡಿಯುವವರೆಂದು ಅನ್ಯರಿಟ್ಟ ಹೆಸರು ಇವರಿಗೂ ಅಂಟಿಕೊಂಡಿದೆ. ಇವರ ಮನೆಮಾತು ‘ವಾಗ್ರಿಬೋಲಿ’. ಅದು ತಮಿಳಿನ ಬಳಗಕ್ಕೆ ಸೇರದೆ ಗುಜರಾತಿಗೆ ಹತ್ತಿರವಾಗಿದೆ. ನಮ್ಮ ಕನ್ನಡನಾಡಿನ ಹಕ್ಕಿಪಿಕ್ಕಿಗಳ ಮಾತೂ ವಾಗ್ರಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಬೇಟೆಯು ನಿಷಿದ್ಧವಾಗಲು, ಮಣಿ ಪೋಣಿಸುವ ಕಸುಬೇ ಇವರಿಗೆ ಆಧಾರವಾಯಿತು.

2022ರ ಡಿಸೆಂಬರಿನಲ್ಲಿ ಸಂಸತ್ತು ತಮಿಳುನಾಡಿನ ನರಿಕುರವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸುವ ಮಸೂದೆಯನ್ನು ಅಂಗೀಕರಿಸಿತು. ಇದು ಸ್ತುತ್ಯವಾದ ಕಾರ್ಯ. ಆದರೆ ಕೆಲವೇ ತಿಂಗಳುಗಳಲ್ಲಿ, 2023ರ ಮಾರ್ಚಿನಲ್ಲಿ, ಇದೇ ನಗರದ ಒಂದು ಚಿತ್ರಮಂದಿರದ ಬಾಗಿಲಿನಲ್ಲಿ ಟಿಕೆಟು ಹಿಡಿದು ಬಂದ ನರಿಕುರವ ಕುಟುಂಬವನ್ನು ತಡೆಯಲಾಯಿತು. ಜನರು ಪ್ರತಿಭಟಿಸಿದ ಮೇಲೆಯೇ ಒಳಗೆ ಬಿಟ್ಟರು. ಕಾನೂನು ಕಚೇರಿಯ ಬಾಗಿಲನ್ನು ತೆರೆಯಬಲ್ಲದು. ಮನಸ್ಸಿನ ಬಾಗಿಲನ್ನು ನಾವೇ ತೆರೆಯಬೇಕು.

ವಿದ್ಯಾರ್ಥಿಗಳೇ, ಈ ಕರ್ತವ್ಯವು ಇತರರಿಗಿಂತ ನಮಗೆ ಹೆಚ್ಚಿನದು. ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು, ಬೀದಿಯಲ್ಲಿ ಒಂದು ನುಡಿ, ಮನೆಯಲ್ಲಿ ಒಂದು ನುಡಿ ಎಂದು ಬಾಳುವ ಕಷ್ಟವನ್ನು ನಾವು ಬಲ್ಲೆವು. ಆದರೂ ನಮ್ಮ ನುಡಿಗೆ ಲಿಪಿಯುಂಟು, ಗ್ರಂಥಗಳುಂಟು, ಪರನಾಡಿನಲ್ಲಿ ಈ ಶಾಲೆಯುಂಟು. ವಾಗ್ರಿಬೋಲಿಗೆ ಸ್ವಂತ ಲಿಪಿಯೂ ಇಲ್ಲ. ತಾಯಂದಿರ ನಾಲಗೆಯೇ ಅದರ ಶಾಲೆ. ಅಂಥ ನುಡಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರನ್ನು ಅನಾಗರಿಕರೆಂದು ಕರೆಯಲು ನಮಗೇನು ಅಧಿಕಾರ?

ಆದುದರಿಂದ ಮಣಿ ಮಾರುವಾಕೆಯನ್ನು ‘ಅಕ್ಕ’ ಎಂದು ಕರೆಯಿರಿ. ಆಕೆ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತರೆ ಸರಿದು ಹೋಗಬೇಡಿರಿ. ಆಕೆಯ ಮಗು ನಾಳೆ ನಿಮ್ಮ ತರಗತಿಗೆ ಬಂದರೆ ಬೆಂಚಿನಲ್ಲಿ ಜಾಗ ಕೊಡಿರಿ. ಅದರ ಮನೆಮಾತಿನ ನಾಲ್ಕು ಪದಗಳನ್ನು ಕೇಳಿ ಕಲಿಯಿರಿ. ಪರರ ತಾಯ್ನುಡಿಯನ್ನು ಗೌರವಿಸುವವನೇ ತನ್ನ ತಾಯ್ನುಡಿಯ ನಿಜವಾದ ಅಭಿಮಾನಿ.