ಆಟ ಕೆಟ್ಟರೆ ಮತ್ತೆ ಆಡಬಹುದು, ಊರು ಕೆಟ್ಟರೆ?

ಹುಡುಗರು ಮೊಬೈಲ್ ಹಿಡಿದು ಕೂತರೆ ‘ಕೆಟ್ಟುಹೋದ’ ಅನ್ನುವುದು ಎಲ್ಲ ಮನೆಯ ಮಾತು. ಆದರೆ ದೊಡ್ಡವರಿಗೆ ತಲೆಗೆ ಹತ್ತದ ಪಾಠವನ್ನು ಒಂದು ಆಟವೇ ಕಲಿಸುವುದಾದರೆ ಬೈಯುವವರು ಏನಂತಾರೆ?

‘ಇಕೋ’ ಎಂಬ ಕಂಪ್ಯೂಟರ್ ಆಟವಿದೆ. ಅಮೆರಿಕದ ಸ್ಟ್ರೇಂಜ್ ಲೂಪ್ ಗೇಮ್ಸ್ ಕಂಪನಿಯದು, 2018ರಿಂದ ಮಾರುಕಟ್ಟೆಯಲ್ಲಿದೆ. ಹಲವರು ಸೇರಿ ಒಂದೇ ನೆಲದಲ್ಲಿ ಬಾಳು ಕಟ್ಟಬೇಕು. ಆಕಾಶದಿಂದ ಉಲ್ಕೆಯೊಂದು ಬರುತ್ತಿದೆ. 30 ದಿನದೊಳಗೆ ಹೊಡೆದುರುಳಿಸದಿದ್ದರೆ ಎಲ್ಲರೂ ಢಮಾರ್! ಹೊಡೆಯಲು ಯಂತ್ರ ಬೇಕು, ಯಂತ್ರಕ್ಕೆ ಗಣಿ ಬೇಕು, ಕಾರ್ಖಾನೆ ಬೇಕು. ಫಜೀತಿ ಇರುವುದು ಇಲ್ಲೇ. ಆತುರಕ್ಕೆ ಕಾಡು ಕಡಿದರೆ ಪ್ರಾಣಿಗಳ ಸಂತತಿ ಅಳಿಯುತ್ತದೆ. ಗಣಿಯ ಕಸ ಕಂಡಲ್ಲಿ ಸುರಿದರೆ ನೆಲ ವಿಷ. ಹೊಗೆ ಹೆಚ್ಚಿದರೆ ಸಮುದ್ರ ಏರುತ್ತದೆ. ಉಲ್ಕೆಯಿಂದ ಬಚಾವಾದರೂ ಸ್ವಂತ ಕೈಯಿಂದ ಸರ್ವನಾಶ. ಹಾಗಾಗದಿರಲು ಆಟಗಾರರೇ ಮತ ಹಾಕಿ ಕಾನೂನು ಮಾಡಿಕೊಳ್ಳಬೇಕು.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಮೊಬೈಲ್ ಆಟಗಳ ಜಾಹೀರಾತು ಜಾಗದಲ್ಲೇ ಹವಾಮಾನದ ಪ್ರಶ್ನೆ ಕೇಳಿ, 50 ದೇಶಗಳ 12 ಲಕ್ಷ ಜನರ ಅಭಿಪ್ರಾಯ ಪಡೆದರು. 2021ರಲ್ಲಿ ಫಲಿತಾಂಶ ಬಂತು: ನೂರಕ್ಕೆ 64 ಮಂದಿ ‘ಇದು ತುರ್ತುಸ್ಥಿತಿ’ ಅಂದಿದ್ದರು.

ಗೊತ್ತಿದ್ದರೂ ಯಾರ ಕೈಯೂ ಏಳುವುದಿಲ್ಲ. ಯಾಕೆಂದರೆ ಅನಾಹುತ ನಿಧಾನವಾಗಿ ಬರುತ್ತದೆ. ಅಪ್ಪನ ಕಾಲದಲ್ಲಿ ಕೆರೆ ಮುಚ್ಚಿದರೆ ಫಲ ಮಗನಿಗೆ. ಬೆಂಗಳೂರನ್ನೇ ನೋಡಿ. ಕೆರೆ, ರಾಜಕಾಲುವೆ ಒತ್ತುವರಿಯಾದವು. 2022ರ ಸೆಪ್ಟೆಂಬರ್ ಮಳೆಗೆ ಕೋಟ್ಯಧಿಪತಿಗಳ ಬಂಗಲೆಗೂ ನೀರು ನುಗ್ಗಿತು. ಮಳೆ ಕೈಕೊಟ್ಟ ಮೇಲೆ, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಕಾದು ಕೂತರು. ಅಂಥ ಲೆಕ್ಕಾಚಾರವನ್ನು ಆಟ ಒಂದೇ ತಿಂಗಳಲ್ಲಿ ಕಣ್ಣೆದುರು ತೋರಿಸುತ್ತದೆ. ಅದರ ದೊಡ್ಡ ಉಪಕಾರ ಅಷ್ಟೇ.

ಆಟ ಆಡಿದ ಮಾತ್ರಕ್ಕೆ ಕೆರೆ ತುಂಬದು. ಅಲ್ಲಿ ಸೋತರೆ ಎಲ್ಲರೂ ಸೋತಂತೆ. ಊರಿನಲ್ಲಿ ಹಾಗಲ್ಲ. ಕೆರೆ ನುಂಗಿದವನಿಗೆ ಸೈಟು ಸಿಗುತ್ತದೆ, ನೀರು ನುಗ್ಗುವುದು ತಗ್ಗಿನ ಅಂಗಡಿಗೆ. ಬಸ್ಸಿಗೆ ಕಾಯುವವನು ಮೊಣಕಾಲುದ್ದ ನೀರಲ್ಲಿ ನಿಲ್ಲಬೇಕು.

ಕಂಪ್ಯೂಟರ್ ಇರುವ ಶಾಲೆಗಳು ಇಂಥ ಆಟ ಆಡಿಸಲಿ. ಆದರೆ ಮರುದಿನವೇ ಮಕ್ಕಳನ್ನು ಊರ ಕೆರೆಯಂಗಳಕ್ಕೆ ಕರೆದೊಯ್ದು, ದಾಖಲೆಯಲ್ಲಿ ಎಷ್ಟು ಎಕರೆ, ಈಗ ಉಳಿದಿದ್ದೆಷ್ಟು ಅಂತ ಅಳೆಸಲಿ. ಆ ಲೆಕ್ಕ ಪುರಸಭೆಯ ಮೇಜಿನ ಮೇಲೆ ಬೀಳಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ, ಇಲ್ಲಾ ಸೈಟಿನ ಆಟವನ್ನೇ ಮುಂದುವರಿಸುವರೇ?