ಥೈರಾಯ್ಡ್ ಮಾತ್ರೆ ನಿಲ್ಲಿಸುವ ಮುನ್ನ

ಥೈರಾಯ್ಡ್ ಗ್ರಂಥಿ ತೀರಾ ಸೊರಗಿದಾಗ ದೇಹಕ್ಕೆ ಬೇಕಾದ ಹಾರ್ಮೋನನ್ನು ಹೊರಗಿನಿಂದ ಕೊಡಬೇಕಾಗುತ್ತದೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಗುಣ ಕಂಡರು. ಇಂದು ಆ ಕೆಲಸ ಲೆವೊಥೈರಾಕ್ಸಿನ್ ಮಾತ್ರೆಯದು. ವಯಸ್ಕರಿಗೆ ಪೂರ್ಣ ಪ್ರಮಾಣವೆಂದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೊಗ್ರಾಂ. ಹೃದ್ರೋಗವಿರುವವರಿಗೆ 12.5 ಅಥವಾ 25 ಮೈಕ್ರೊಗ್ರಾಂನಿಂದ ಆರಂಭಿಸಿ ಮೆಲ್ಲನೆ ಏರಿಸುತ್ತಾರೆ. ಒಮ್ಮೆಲೇ ಹೆಚ್ಚಿಸಿದರೆ ಎದೆನೋವು, ಹೃದಯದ ಬಡಿತದಲ್ಲಿ ಏರುಪೇರು ಕಾಣಿಸಬಹುದು.

ನಮ್ಮ ಮನೆಗಳಲ್ಲಿ ಚಿಕಿತ್ಸೆ ಹೆಚ್ಚಾಗಿ ಎಡವುವುದು ಬೆಳಗಿನ ಕಾಫಿಯಲ್ಲಿ. ಕಾಫಿ ಈ ಔಷಧ ಕರುಳಿನಿಂದ ಹೀರಲ್ಪಡುವುದನ್ನು ತಗ್ಗಿಸುತ್ತದೆ. ಆದ್ದರಿಂದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆಗಳ ಅಂತರ ಬೇಕು.

ಔಷಧ ರಕ್ತದಲ್ಲಿ ನೆಲೆಗೊಳ್ಳಲು ವಾರಗಳೇ ಹಿಡಿಯುವುದರಿಂದ, ಪ್ರಮಾಣ ಸರಿಯಾಗಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ಪರೀಕ್ಷೆಯನ್ನು 6ರಿಂದ 8 ವಾರಗಳ ಬಳಿಕ ಮಾಡಿಸುತ್ತಾರೆ. ವರದಿ ಸರಿಬಂದೊಡನೆ ಮಾತ್ರೆ ಬಿಡುವುದು ಬಹಳ ಅಪಾಯಕಾರಿ ತಪ್ಪು. ವರದಿ ಸರಿಯಾಗಿರುವುದೇ ಮಾತ್ರೆಯಿಂದ. ಚಿಕಿತ್ಸೆ ತಪ್ಪಿದ ತೀವ್ರ ರೋಗಿಗಳಲ್ಲಿ, ಅದರಲ್ಲೂ ಸೋಂಕು ತಗುಲಿದಾಗ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪಬಹುದು. ಇದು ತೀವ್ರ ನಿಗಾ ಘಟಕದಲ್ಲಿ ರಕ್ತನಾಳದ ಮೂಲಕ ಹಾರ್ಮೋನ್ ಕೊಡಬೇಕಾದ ಸ್ಥಿತಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ, ಗರ್ಭ ನಿಂತದ್ದು ತಿಳಿದ ಕೂಡಲೇ ಅವರು ವೈದ್ಯರನ್ನು ಕಾಣಬೇಕು. ವೈದ್ಯರು ಹೇಳದೆ ಯಾರೂ ಈ ಮಾತ್ರೆ ನಿಲ್ಲಿಸಬಾರದು.