ಬಾಸ್ಟನ್ ಗೊತ್ತು, ಸುಳ್ಯ ಗೊತ್ತಿಲ್ಲವೇಕೆ?



ಜಯನಗರದ ಯಾವ ಕಾಲೇಜು ಹುಡುಗನನ್ನಾದರೂ ಕೇಳಿ, ಬಾಸ್ಟನ್ ಟೀ ಪಾರ್ಟಿ ಎಂದರೇನೆಂದು ಥಟ್ಟನೆ ಹೇಳುತ್ತಾನೆ. 1837ರಲ್ಲಿ ಸುಳ್ಯದ ರೈತರು ಏನು ಮಾಡಿದರು ಎಂದು ಕೇಳಿ, ಮುಖ ಮುಖ ನೋಡುತ್ತಾರೆ. ತಪ್ಪು ಹುಡುಗರದ್ದಲ್ಲ. ಅವರಿಗೆ ಹೇಳಿದವರು ಯಾರಿದ್ದಾರೆ?

ಮೊದಲು ಅಮೆರಿಕದ ಕಥೆ ನೋಡೋಣ. ಯುದ್ಧದ ಸಾಲ ತೀರಿಸಲು ಇಂಗ್ಲೆಂಡು 1765ರಲ್ಲಿ ಅಲ್ಲಿನ ವಸಾಹತುಗಳ ಮೇಲೆ ಸ್ಟಾಂಪ್ ತೆರಿಗೆ ಹಾಕಿತು. ಪತ್ರಿಕೆ, ಪಂಚಾಂಗ, ಕರಾರು ಪತ್ರ, ಕೊನೆಗೆ ಇಸ್ಪೀಟು ಎಲೆಗೂ ತೆರಿಗೆ! ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಸಾಹತಿನವರ ಒಬ್ಬನೇ ಒಬ್ಬ ಪ್ರತಿನಿಧಿ ಇರಲಿಲ್ಲ. 'ನಮ್ಮನ್ನು ಕೇಳದೆ ನಮ್ಮ ಜೇಬಿಗೆ ಕೈ ಹಾಕಲು ನೀವು ಯಾರು?' ಇದೇ ಅವರ ಪ್ರಶ್ನೆ. 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹಾ ಬಾಸ್ಟನ್ ಬಂದರಿನ ನೀರು ಪಾಲಾಯಿತು. ಆ ಚಹಾ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು! 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. 1776ರ ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆ ಹೊರಬಿತ್ತು. ಅಂದು ರಾತ್ರಿಯೇ ಅದನ್ನು ಅಚ್ಚು ಹಾಕಿದವನು ಜಾನ್ ಡನ್ಲಪ್ ಎಂಬ ಮುದ್ರಕ.

ಅದೇ ಕಂಪನಿ ಇಲ್ಲಿ ಏನು ಮಾಡಿತು? 1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಅಂಟಿಸಿತು. ಜನರನ್ನು ಕೇಳಿದ್ದುಂಟೇ? ಬೆಳೆದ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತ ನಗದು ಎಣಿಸಬೇಕಾಯಿತು. ಕಾಸಿಗಾಗಿ ಬೆಳೆಯನ್ನು ಅಗ್ಗಕ್ಕೆ ಮಾರಬೇಕು, ಇಲ್ಲವೇ ಸಾಹುಕಾರನ ಬಾಗಿಲು ಕಾಯಬೇಕು. ಸಹನೆಗೂ ಮಿತಿಯಿದೆ. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡರಂಥವರು ಮುಂದೆ ನಿಂತರು. ಶನಿವಾರಸಂತೆಯ ಪುಟ್ಟಬಸಪ್ಪ 'ಕಲ್ಯಾಣಸ್ವಾಮಿ'ಯ ಹೆಸರಲ್ಲಿ ನಾಯಕನಾದ. 1837ರ ಏಪ್ರಿಲ್ 5ರಂದು ರೈತರು ಮಂಗಳೂರನ್ನೇ ಹಿಡಿದು ಬಾವುಟಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು! ಸಿಪಾಯಿ ದಂಗೆಗೆ ಇನ್ನೂ 20 ವರ್ಷ ಇತ್ತು.

13 ದಿನ ಆಳಿದರು. ಆಮೇಲೆ ಹೊರಗಿನಿಂದ ಕಂಪನಿಯ ಸೇನೆ ಬಂದಿಳಿಯಿತು. ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ನೇಣಿಗೆ ಹಾಕಿದರು.

ಈಗ ಹೆಸರುಗಳನ್ನು ನೋಡಿ. ಗೆದ್ದ ಅಮೆರಿಕನ್ನರದು 'ಕ್ರಾಂತಿ'. ಸೋತ ನಮ್ಮವರದು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ದಾಂಧಲೆ! ನಾನು ಕರಪತ್ರ, ಬಿಲ್ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ನನಗೆ ಗೊತ್ತಿರುವ ಸತ್ಯ ಒಂದೇ: ಅಚ್ಚಿನ ಮೊಳೆ ಯಾರ ಕೈಯಲ್ಲಿದೆಯೋ ಚರಿತ್ರೆ ಅವರದ್ದು. ಅಮೆರಿಕದವರ ಪಕ್ಕದಲ್ಲಿ ಡನ್ಲಪ್ ಇದ್ದ. ಸುಳ್ಯದ ರೈತನ ಪಕ್ಕದಲ್ಲಿ ಯಾರಿದ್ದರು?

ನಮ್ಮೂರಲ್ಲೂ ಸಾಕ್ಷಿ ಇದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ ಹತ್ತು ವರ್ಷದ ನಂತರ, 1791ರ ಮಾರ್ಚ್ 21ರಂದು, ಬೆಂಗಳೂರು ಕೋಟೆ ಒಡೆದು ನುಗ್ಗಿದ. ಕೆ.ಆರ್. ಮಾರುಕಟ್ಟೆಯ ಬಳಿ ಇರುವ ಆ ಕೋಟೆಯಲ್ಲಿ, ಗೋಡೆ ಒಡೆದ ಜಾಗವನ್ನು ಕಲ್ಲಿನಲ್ಲಿ ಬರೆಸಿದವರೂ ಬ್ರಿಟಿಷರೇ. ಒಳಗೆ ನಿಂತು ಕಾದಾಡಿ ಸತ್ತವರ ಮಾತು ಆ ಕಲ್ಲಿನಲ್ಲಿಲ್ಲ.

2022ರ ನವೆಂಬರ್‌ನಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ಎದ್ದು ನಿಂತಿತು. ಸಂತೋಷ. ಆದರೆ ಪ್ರತಿಮೆ ಮಾತಾಡುವುದಿಲ್ಲ, ಮಾತಾಡಬೇಕಾದವರು ನೀವು. ನಿರಂಜನರ 'ಕಲ್ಯಾಣಸ್ವಾಮಿ' ಕಾದಂಬರಿ ಹುಡುಕಿ ಓದಿ. ಮಂಗಳೂರಿಗೆ ಹೋದರೆ ಬೀಚಿಗೆ ಮೊದಲು ಬಾವುಟಗುಡ್ಡ ಹತ್ತಿ. ಬಾಸ್ಟನ್ನಿನ ಚಹಾ ಕಥೆ ತಮ್ಮ ತಂಗಿಯರಿಗೆ ಹೇಳುವಾಗ ಸುಳ್ಯದ ಕಂದಾಯದ ಕಥೆಯನ್ನೂ ಸೇರಿಸಿ ಹೇಳಿ. 'ದಾಂಧಲೆ' ಎಂದವರ ಎದುರು 'ಅಲ್ಲ, ಅದು ಸ್ವಾತಂತ್ರ್ಯ ಸಮರ' ಎಂದು ಎದ್ದು ನಿಂತು ಹೇಳಿ. ನಾವು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?